ಅಜ್ಜಿಯ ಕಾಫಿಗೆ ಹಿಮಾಲಯದ ಕೆಸರು

ನಮ್ಮ ಸೋದರಮಾವನಿಗೆ ಮದುವೆಯಾಗಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆಗಿದೆ. ನಮ್ಮ ಮನೆಯ ಫ್ರಿಜ್ಜಿನ ಜೊತೆ ಆಗಿದೆ! ಸಂಸಾರ ಬಹಳ ಅನ್ಯೋನ್ಯವಾಗಿದೆ. ಅಂಬತ್ತೂರಿನಲ್ಲಿ ಕೆಲಸ ಮುಗಿಸಿ ಸಂಜೆ ವಡಪಳನಿಯ ನಮ್ಮ ಫ್ಲ್ಯಾಟಿಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಅದರ ಬಾಗಿಲಿಗೆ ಕಿವಿ ಇಡುತ್ತಾನೆ. ಅದು ಗುರ್ ಅನ್ನುತ್ತಿದ್ದರೆ ಅವನ ಮುಖದಲ್ಲಿ ನೆಮ್ಮದಿ. ಆಮೇಲೆ, "ಅಮ್ಮ, ಹೇಗಿದೀಯ?" ಎಂದು ಹೆತ್ತ ತಾಯಿಯನ್ನು ವಿಚಾರಿಸುತ್ತಾನೆ.

"ನಾನೂ ಗುರ್ ಅಂತಿದೀನಿ ಕಣೋ. ನನ್ನ ಕಡೆಗೂ ಸ್ವಲ್ಪ ಕಿವಿ ಕೊಡು," ಎಂದು ಅಜ್ಜಿ ಒಳಗಿನಿಂದ ಹೇಳುತ್ತಾಳೆ.

ಮನೆಯಲ್ಲಿ ನಾವಿರುವುದು ನಾಲ್ಕು ಜನ. ಅಜ್ಜಿ, ಅವಳ ಮಗಳಾದ ನನ್ನ ಅಮ್ಮ, ಅವಳ ಮಗನಾದ ಈ ಮಾವ, ಮತ್ತು ವಿಮೆ ಕಚೇರಿಯಲ್ಲಿ ದಿನವಿಡೀ ಮಂದಿಯ ಅಪಘಾತಗಳ ಫೈಲು ನೋಡಿ ಸುಸ್ತಾಗಿ ಬರುವ ನಾನು. ತಾತ ರೈಲ್ವೆಯಲ್ಲಿದ್ದರು. ಮೈಸೂರಿನಿಂದ ವರ್ಗವಾಗಿ ಮದರಾಸಿಗೆ ಬಂದವರು ಇಲ್ಲೇ ಬೇರುಬಿಟ್ಟರು. ಹೀಗಾಗಿ ನಮ್ಮ ಮನೆಯ ಕನ್ನಡದಲ್ಲಿ ಅರ್ಧ ಮೈಸೂರು, ಕಾಲು ತಮಿಳು. ಉಳಿದ ಕಾಲು ಭಾಗ ಮಾವನ ಸೂಕ್ಷ್ಮಜೀವಿಶಾಸ್ತ್ರ.

ಫ್ರಿಜ್ಜಿನ ಮೇಲಿನ ಅರೆ ಪೂರ್ತಿ ಮಾವನದು. ಅಲ್ಲಿ ಬೆರಳುದ್ದದ ಗಾಜಿನ ಕೊಳವೆಗಳು ಸಾಲಾಗಿ ನಿಂತಿರುತ್ತವೆ. ಕೆಳಗಿನ ಅರೆಗಳಲ್ಲಿ ನಮ್ಮ ಬದನೆಕಾಯಿ, ಕೊತ್ತಂಬರಿ ಸೊಪ್ಪುಗಳು ಬಾಡಿಗೆದಾರರ ಹಾಗೆ ಮೈ ಮುದುಡಿಕೊಂಡು ಬದುಕುತ್ತವೆ. ಬಾಗಿಲು ತೆಗೆಯುವುದಕ್ಕೂ ಕಾನೂನಿದೆ. ಏನು ಬೇಕು ಎಂದು ಹೊರಗೆ ನಿಂತೇ ನಿರ್ಧರಿಸಬೇಕು, ಅದು ಎಲ್ಲಿದೆ ಎಂದು ಮನಸ್ಸಿನಲ್ಲೇ ನೆನಪು ಮಾಡಿಕೊಳ್ಳಬೇಕು, ತೆಗೆಯಬೇಕು, ಹಿಡಿಯಬೇಕು, ಮುಚ್ಚಬೇಕು. ಒಮ್ಮೆ ನನ್ನ ಆಫೀಸಿನ ಗೆಳತಿ ನೀರಿನ ಬಾಟಲಿಗೆಂದು ಬಾಗಿಲು ತೆಗೆದು, ಮೇ ತಿಂಗಳ ಸೆಕೆಗೆ ಆ ತಂಪು ಹಿತವಾಗಿ, ಹಾಗೇ ಒಂದು ಗಳಿಗೆ ಕಣ್ಣುಮುಚ್ಚಿ ನಿಂತುಬಿಟ್ಟಳು. ಹಿಂದಿನಿಂದ ಮಾವನ ಧ್ವನಿ ಬಂತು: "ಏನಮ್ಮಾ, ಇಂಟರ್ವಲ್ ಆದ ಮೇಲೆ ಹೋಗ್ತೀಯಾ?" ಪಾಪ, ಅವಳು ಈಗಲೂ ನಮ್ಮ ಮನೆಗೆ ಬಂದರೆ ಬಿಸಿನೀರನ್ನೇ ಕೇಳಿ ಕುಡಿಯುತ್ತಾಳೆ.

ಇಷ್ಟಕ್ಕೂ ಆ ಕೊಳವೆಗಳಲ್ಲಿ ಏನಿದೆ ಅಂತೀರಾ? ಯೀಸ್ಟು! ಅದೂ ಅಂತಿಂಥ ಯೀಸ್ಟಲ್ಲ, ಚಳಿಯನ್ನು ಪ್ರೀತಿಸುವ ಯೀಸ್ಟು. ಹಿಮದಲ್ಲಿ, ಕೊರೆಯುವ ನೀರಿನಲ್ಲಿ, ಮಂಜುಗಡ್ಡೆಯ ಬಿರುಕಿನಲ್ಲಿ ಹುಟ್ಟಿ ಬೆಳೆಯುವ ಜೀವಗಳು. ಅವುಗಳನ್ನು ಸಾಕಲು ನಮ್ಮ ಮಾವ ಆರಿಸಿಕೊಂಡ ಊರು ಯಾವುದು? ಮದರಾಸು! ಒಂಟೆ ಸಾಕಬೇಕೆನ್ನುವವನು ಊಟಿಗೆ ಹೋಗಿ ಮನೆ ಮಾಡಿದ ಹಾಗಾಯಿತು. ಆದರೆ ಅವನಿಗೆ ಕೆಲಸ ಕೊಟ್ಟದ್ದು ಅಂಬತ್ತೂರಿನ ಒಂದು ಪುಟ್ಟ ಎನ್‌ಜೈಮ್ ಕಂಪನಿ, ಏನು ಮಾಡುವುದು? ಅಲ್ಲಿನ ಕೋಲ್ಡ್ ರೂಮಿನಲ್ಲಿ ಅವನು ಹಗಲೆಲ್ಲ ಕೂತಿರಬೇಕು. ಹಾಗಾಗಿ ರಸ್ತೆಯ ಡಾಂಬರು ಕರಗುವ ಬಿಸಿಲಿನಲ್ಲಿ ಅವನು ಕುತ್ತಿಗೆಗೆ ಮಫ್ಲರು ಸುತ್ತಿ, ತೋಳಿನ ಮೇಲೆ ಸ್ವೆಟರು ಹಾಕಿಕೊಂಡು ಬಸ್ಸು ಹತ್ತುತ್ತಾನೆ. "ಸಾರ್, ಊಟಿಯಾ?" ಎಂದು ಕಂಡಕ್ಟರು ಕೇಳುತ್ತಾನೆ. "ಇಲ್ಲಪ್ಪಾ, ಅಂಬತ್ತೂರು," ಎಂದು ಮಾವ ಗಂಭೀರವಾಗಿ ಉತ್ತರಿಸುತ್ತಾನೆ. ಈ ಸಂಭಾಷಣೆ ವರ್ಷಗಟ್ಟಲೆಯಿಂದ ನಡೆಯುತ್ತಿದೆ. ಇಬ್ಬರಿಗೂ ಬೇಸರ ಬಂದಿಲ್ಲ.

ಯೀಸ್ಟಿನ ವಿಷಯದಲ್ಲಿ ಲೋಕದ ಅಜ್ಞಾನವನ್ನು ಕಂಡರೆ ಅವನಿಗೆ ತಡೆಯಲಾಗುವುದಿಲ್ಲ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತರೆ ಪಕ್ಕದ ಎಲೆಯವರ ಕಥೆ ಮುಗಿದ ಹಾಗೆ. "ಯೀಸ್ಟು ಅಂದ್ರೆ ಬ್ರೆಡ್ ಉಬ್ಬಿಸೋದು, ಹೆಂಡ ಮಾಡೋದು, ಇಷ್ಟೇ ಅಂತ ತಿಳ್ಕೊಂಡಿದೀರಾ?" ಎಂದು ಶುರುಮಾಡುತ್ತಾನೆ. ಪಕ್ಕದವರು ಹಾಗಂತ ಏನೂ ಹೇಳಿರುವುದಿಲ್ಲ, ಅವರು ಕೇಳಿದ್ದು ಕೋಸಂಬರಿ. "ಹಿಮದಲ್ಲಿ ಬದುಕೋದು ಸುಲಭಾನಾ? ಮೈಯೊಳಗಿನ ನೀರು ಹೆಪ್ಪುಗಟ್ಟಿದರೆ ಸತ್ತೇ ಹೋಗತ್ತೆ. ಅದಕ್ಕೆ ಏನು ಮಾಡತ್ತೆ ಹೇಳಿ? ಮಂಜಿನ ಹರಳು ದೊಡ್ಡದಾಗದ ಹಾಗೆ ತಡೆಯೋ ಒಂದು ಪದಾರ್ಥ ತಯಾರಿಸತ್ತೆ. ಅಲ್ಲಿ ಬಿಸಿಲು ಬೇರೆ ಖಾರ. ಅದಕ್ಕೆ ಕೆಂಪು, ಕಿತ್ತಳೆ ಬಣ್ಣ ಮಾಡಿ ಮೈಗೆ ಬಳಕೊಳ್ಳತ್ತೆ. ಪಕ್ಕದಲ್ಲಿ ಬೂಷ್ಟು ಬಂದರೆ ಓಡಿಸೋಕೆ ಇನ್ನೊಂದು ರಸ. ಕೊಬ್ಬು ಕರಗಿಸೋಕೆ ಸಾಬೂನಿನಂಥದ್ದು. ಅದೂ ತಣ್ಣೀರಲ್ಲಿ! ಇವೆಲ್ಲ ನಮಗೆ ಬೇಡವಾ? ಐಸ್‌ಕ್ರೀಮಿಗೆ ಬೇಡವಾ, ಬಟ್ಟೆ ಒಗೆಯೋಕೆ ಬೇಡವಾ, ಹಣ್ಣು ಕೆಡದ ಹಾಗೆ ಇಡೋಕೆ ಬೇಡವಾ?" ಅಷ್ಟು ಹೊತ್ತಿಗೆ ಬಡಿಸುವವರು ಪಾಯಸ ತಂದು, ಮಾವನ ಎಲೆಯಲ್ಲಿ ಅನ್ನ ಹಾಗೇ ಇರುವುದನ್ನು ನೋಡಿ ಮುಂದೆ ಹೋಗಿರುತ್ತಾರೆ. ಇಡೀ ಮದರಾಸಿನ ಕನ್ನಡ ಮದುವೆಗಳಲ್ಲಿ ಪಾಯಸ ಸಿಗದೆ ಎದ್ದವನು ಇವನೊಬ್ಬನೇ ಎಂದು ಅಮ್ಮನ ಗೊಣಗಾಟ.

ಇನ್ನು ಅಜ್ಜಿಯ ವಿಷಯ ಹೇಳಬೇಕು. ಅದನ್ನು ಹೇಳದಿದ್ದರೆ ಮಾವನ ಹುಚ್ಚು ಬರೀ ಹುಚ್ಚಾಗಿಯೇ ಕಾಣುತ್ತದೆ.

ಎಂಬತ್ತು ದಾಟಿದ ನಮ್ಮ ಅಜ್ಜಿಗೆ ದೇವರು, ಕಾಫಿ ಇವೆರಡೂ ಒಂದೇ ತೂಕ. ಬೆಳಿಗ್ಗೆ ಮೊದಲ ಡಿಕಾಕ್ಷನ್ನು, ಆಗತಾನೇ ಉಕ್ಕಿದ ಹಾಲು, ಲೋಟದಿಂದ ದವರಾ ಬಟ್ಟಲಿಗೆ ಎತ್ತಿ ಸುರಿದ ನೊರೆ. ಅದಾದ ಮೇಲೆಯೇ ಅವಳು ಮಾತನಾಡುತ್ತಿದ್ದದ್ದು. ಕೆಲವು ವರ್ಷಗಳ ಹಿಂದೆ ಅವಳಿಗೆ ಹೊಟ್ಟೆಯ ಕಾಯಿಲೆಯೊಂದು ಬಂದು, ತುಂಬಾ ದಿನ ಮಲಗಿ, ಹೇಗೋ ಎದ್ದಳು. ಎದ್ದಳು, ಆದರೆ ಹಾಲು ಒಗ್ಗದೆ ಹೋಯಿತು. ಅರ್ಧ ಲೋಟ ಕುಡಿದರೂ ಹೊಟ್ಟೆ ಉಬ್ಬರ, ನೋವು, ಬಚ್ಚಲಿಗೆ ಓಡಾಟ. ಹಾಲಿನಲ್ಲಿರುವ ಸಕ್ಕರೆಯನ್ನು ಕತ್ತರಿಸುವ ಒಂದು ಕತ್ತರಿ ನಮ್ಮೆಲ್ಲರ ಕರುಳಿನಲ್ಲಿರುತ್ತದಂತೆ, ಅಜ್ಜಿಯ ಕತ್ತರಿ ಮೊಂಡಾಗಿದೆ ಎಂದು ಡಾಕ್ಟರು ಹೇಳಿದರು. ಮೊಸರು ಪರವಾಗಿಲ್ಲ, ಅದರಲ್ಲಿನ ಸಕ್ಕರೆಯನ್ನು ಹೆಪ್ಪಿನ ಜೀವಿಗಳು ಆಗಲೇ ಒಂದಷ್ಟು ತಿಂದು ಮುಗಿಸಿರುತ್ತವೆ. ಆದರೆ ಹಾಲು ಬೇಡ.

ಅಂದಿನಿಂದ ಅಜ್ಜಿಗೆ ಕರೀ ಡಿಕಾಕ್ಷನ್ನು. ಅವಳು ಅದನ್ನು ಕಷಾಯ ಅನ್ನುತ್ತಾಳೆ. ನಾವು ಕಾಫಿ ಕುಡಿಯುವಾಗ ಮುಖ ತಿರುಗಿಸಿ ಬಾಲ್ಕನಿಯ ತುಳಸಿ ಗಿಡ ನೋಡುತ್ತಾ ಕೂರುತ್ತಾಳೆ. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುತ್ತದಲ್ಲ, ಸಕ್ಕರೆ ಕತ್ತರಿಸಿದ ಹಾಲು, ಅದನ್ನೂ ತಂದುಕೊಟ್ಟೆವು. ಮೂಸಿ ನೋಡಿ, "ಇದು ಹಾಲಲ್ಲ, ಹಾಲಿನ ಫೋಟೋ," ಎಂದು ಪಕ್ಕಕ್ಕಿಟ್ಟಳು. ಮಾತ್ರೆ ನುಂಗಿ ಹಾಲು ಕುಡಿಯಬಹುದು ಅಂದರೆ, "ಕಾಫಿ ಕುಡಿಯೋಕೂ ಮಾತ್ರೆ ನುಂಗೋ ಗತಿ ಬಂತಾ ನನಗೆ?" ಎಂದಳು. ಬೇರೆ ಏನೂ ಕೇಳದ ಹೆಂಗಸು, ಕೇಳುವುದು ಇದೊಂದೇ, ಅದೂ ಬಾಯಿಬಿಟ್ಟು ಕೇಳುವುದಿಲ್ಲ. ಅವಳು ತುಳಸಿ ನೋಡುತ್ತಾ ಕೂತಾಗ ನಾನು ನನ್ನ ಲೋಟ ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ, ನಿಜ ಹೇಳುತ್ತೇನೆ.

ಮಾವ ಒಂದು ಸಂಜೆ ತಾರಸಿಯಲ್ಲಿ ಬಟ್ಟೆ ತೆಗೆಯುವಾಗ ನನಗೆ ಹೇಳಿದ. "ಸಾಮಾನ್ಯ ಕತ್ತರಿಗಳೆಲ್ಲ ಬೆಚ್ಚಗಿದ್ದರೇನೇ ಚುರುಕಾಗಿ ಕತ್ತರಿಸೋದು. ನಮ್ಮೂರ ಸೆಕೆಗೆ ಹಾಲೇ ಒಡೆದುಹೋಗತ್ತೆ. ಚಳೀಲಿರೋ ಯಾವುದೋ ಒಂದು ಯೀಸ್ಟು ಚಳೀಲೇ ಕತ್ತರಿಸೋ ಕತ್ತರಿ ಮಾಡೇ ಮಾಡತ್ತೆ. ಅದರ ನಾಲ್ಕು ಹನಿ ಹಸೀ ಪ್ಯಾಕೆಟ್ ಹಾಲಿಗೆ ಹಾಕಿ ಫ್ರಿಜ್ಜಲ್ಲಿಟ್ಟರೆ ಬೆಳಿಗ್ಗೆ ಹೊತ್ತಿಗೆ ಅಮ್ಮನಿಗೆ ಹಾಲು ರೆಡಿ. ಮಾಮೂಲಿ ಹಾಲು, ಮಾಮೂಲಿ ನೊರೆ. ಹುಡುಕ್ತೀನಿ. ಆದರೆ ಅಮ್ಮ ಇರೋವಾಗಲೇ ಸಿಗಬೇಕು ಕಣೇ." ಅಷ್ಟು ಹೇಳಿ ಒಣಗದ ಟವೆಲ್ಲನ್ನೇ ಮಡಿಸಿ ತಲೆಯ ಮೇಲಿಟ್ಟುಕೊಂಡು ಇಳಿದುಹೋದ.

ಆ ವರ್ಷವೇ ಬದರಿಯಾತ್ರೆ. ಮೊಣಕಾಲು ನೋವಿನ ಅಜ್ಜಿಯ ಪರವಾಗಿ ದರ್ಶನ ಮಾಡಿ ಬರಲು ಅಮ್ಮನೂ ಮಾವನೂ ಕನ್ನಡಿಗರ ಒಂದು ಯಾತ್ರಾ ತಂಡದ ಜೊತೆ ಹೊರಟರು. ಮಾವ ದೇವರ ಕಡೆ ಹೊರಟದ್ದೇ ಅಜ್ಜಿಗೆ ಆನಂದ. ಅವನ ಚೀಲದಲ್ಲಿ ಧೋತ್ರದ ಮಡಿಕೆಯೊಳಗೆ ಸ್ಟೀಲ್ ಚಮಚ, ಗಾಜಿನ ಕೊಳವೆ, ದೊಡ್ಡ ಫ್ಲಾಸ್ಕು ಇದ್ದದ್ದು ಯಾರಿಗೂ ತಿಳಿಯಲಿಲ್ಲ. ಎಲ್ಲರೂ ದರ್ಶನಕ್ಕೆ ಸಾಲು ನಿಂತರೆ ಇವನು ಗುಡ್ಡ ಹತ್ತಿ, ಹಿಮ ಕರಗುವ ಅಂಚಿನಲ್ಲಿ ಮಂಡಿಯೂರಿ ಕೆಸರು ಅಗೆಯುತ್ತಿದ್ದನಂತೆ. ದೂರದಿಂದ ನೋಡಿದ ತಂಡದ ಹಿರಿಯರೊಬ್ಬರು, "ನಿಮ್ಮ ತಮ್ಮನಿಗೆ ಎಂಥ ಭಕ್ತಿ, ನೆಲಕ್ಕೇ ನಮಸ್ಕಾರ ಹಾಕ್ತಿದಾರೆ," ಎಂದು ಅಮ್ಮನ ಹತ್ತಿರ ಕಣ್ಣೀರು ತಂದುಕೊಂಡರು. ಅಮ್ಮ ಗಂಗಾಜಲದ ಗಿಂಡಿ ಹಿಡಿದು ಬೇರೆ ಕಡೆ ತಿರುಗಿದಳು.

ವಾಪಸ್ಸು ಬರುವ ರೈಲಿನಲ್ಲಿ ನಿಜವಾದ ಯಾತ್ರೆ ಶುರುವಾಯಿತು. ಕೆಸರು ತಣ್ಣಗಿರಬೇಕಲ್ಲ! ಪ್ರತಿ ಸ್ಟೇಷನ್ನಿನಲ್ಲೂ ಮಾವ ಇಳಿದು, ಕೂಲ್‌ಡ್ರಿಂಕ್ಸ್ ಮಾರುವವರ ಬಕೆಟ್ಟಿನಿಂದ ಮಂಜುಗಡ್ಡೆ ಬೇಡಿ ತಂದು ಫ್ಲಾಸ್ಕಿಗೆ ತುಂಬುತ್ತಿದ್ದ. ಟಿಕೆಟ್ ಪರೀಕ್ಷಕರಿಗೆ ಅನುಮಾನ ಬಂತು. ಫ್ಲಾಸ್ಕಿನೊಳಗೆ ಏನಿದೆ ಎಂದು ಹಿಂದಿಯಲ್ಲಿ ಕೇಳಿದರು. ಮಾವನಿಗೆ ಹಿಂದಿ ಅಷ್ಟಕ್ಕಷ್ಟೆ. ತುಂಬಾ ಯೋಚಿಸಿ, "ಒಳಗೆ ಜೀವ ಇದೆ," ಎಂದು ಹೇಳಿದ. ಮುಂದಿನ ಸ್ಟೇಷನ್ನಿನಲ್ಲಿ ಪೊಲೀಸರು ಹತ್ತಿದರು! ಅಮ್ಮ ಗಂಗಾಜಲದ ಗಿಂಡಿ ಮುಂದೆ ಹಿಡಿದು, ಇವನು ನನ್ನ ಒಡಹುಟ್ಟಿದವನು, ಚಿಕ್ಕಂದಿನಿಂದಲೂ ಹೀಗೇ, ಎಂದು ಪ್ರಮಾಣ ಮಾಡಿ ಬಿಡಿಸಿಕೊಂಡಳು. ಮನೆಗೆ ಬಂದ ಮೇಲೆ ಅಜ್ಜಿ ಆಸೆಯಿಂದ, "ನನಗೆ ಬದರಿಯಿಂದ ಏನು ತಂದ್ಯೋ?" ಎಂದಳು. ಮಾವ ಕೆಸರಿನ ಕೊಳವೆ ತೋರಿಸಿದ. ಅಜ್ಜಿ ಅದನ್ನೇ ಕಣ್ಣಿಗೊತ್ತಿಕೊಂಡು, "ಕ್ಷೇತ್ರದ ಮಣ್ಣು," ಎಂದಳು.

ಆ ಕೆಸರಿನಿಂದ ಎಷ್ಟು ಬಗೆಯ ಯೀಸ್ಟು ಎದ್ದವು ಗೊತ್ತೇ? ಗಾಜಿನ ತಟ್ಟೆಗಳ ಮೇಲೆ ಗುಲಾಬಿ, ಕಿತ್ತಳೆ, ಕುಂಕುಮದ ಬಣ್ಣದ ಚುಕ್ಕೆಗಳು. ಒಂದು ಬೂಷ್ಟು ಓಡಿಸುವುದರಲ್ಲಿ ಎತ್ತಿದ ಕೈ. ಅದರ ರಸ ಸವರಿದ ಕಿತ್ತಳೆ ಹಣ್ಣು ತಿಂಗಳಾದರೂ ಕೆಡಲಿಲ್ಲ. ಇನ್ನೊಂದು ಸಾಬೂನಿನಂಥದ್ದನ್ನು ಮಾಡುತ್ತಿತ್ತು. ಕಂಪನಿಯ ಯಜಮಾನರಿಗೆ ಖುಷಿಯೋ ಖುಷಿ. ಮಾವ ಮಾತ್ರ ಮುಖ ಗಂಟು ಹಾಕಿಕೊಂಡೇ ಇದ್ದ. ಹಾಲಿನ ಸಕ್ಕರೆ ಕತ್ತರಿಸುವುದು ಸಿಗಲಿಲ್ಲವಲ್ಲ! "ಇಷ್ಟೊಂದು ಬುದ್ಧಿವಂತರಿದೀರಿ, ನಮ್ಮಮ್ಮನ ಕಾಫಿಗಾಗೋವರು ಒಬ್ಬರೂ ಇಲ್ಲವಾ?" ಎಂದು ಫ್ರಿಜ್ಜಿನ ಮುಂದೆ ನಿಂತು ಬೈಯುತ್ತಿದ್ದ. ಎದುರುಮನೆಯ ಮಾಮಿ ಇದನ್ನು ಕೇಳಿಸಿಕೊಂಡು, ನಿಮ್ಮ ಮನೆಗೆ ನೆಂಟರು ಬಂದಿದ್ದಾರಾ ಎಂದು ವಿಚಾರಿಸಿದಳು.

ಕೊನೆಗೂ ಸಿಕ್ಕಿದ್ದು, ತಟ್ಟೆಯ ಅಂಚಿನಲ್ಲಿ ಯಾರ ಕಣ್ಣಿಗೂ ಬೀಳದೆ ಕೂತಿದ್ದ, ಗಂಜಿಯ ಬಣ್ಣದ ಒಂದು ಸಪ್ಪೆ ಚುಕ್ಕೆ. ಅದು ಚಳಿಯಲ್ಲೇ ಹಾಲಿನ ಸಕ್ಕರೆಯನ್ನು ಕಚಕಚ ಕತ್ತರಿಸುತ್ತಿತ್ತು. ಮಾವ ಆ ಸಂಜೆ ಸ್ವೆಟರನ್ನು ಬಸ್ಸಿನಲ್ಲೇ ಬಿಟ್ಟು ಬಂದ. ಕೊಳವೆ ಹಿಡಿದು ಅಜ್ಜಿಯ ಮುಂದೆ ಕೂತು, ಇನ್ನು ಇದನ್ನು ಬೆಳೆಸಬೇಕು, ಕತ್ತರಿಯನ್ನು ಮಾತ್ರ ಬೇರೆ ಮಾಡಬೇಕು, ಶುದ್ಧಿ ಮಾಡಬೇಕು, ಪರೀಕ್ಷೆಗಳಾಗಬೇಕು ಎಂದೆಲ್ಲ ವಿವರಿಸಿದ. ಅಜ್ಜಿ ಎಲ್ಲ ಕೇಳಿ, "ಇದೊಂದೇನಾ ಇರೋದು?" ಎಂದಳು.

"ಅಂಬತ್ತೂರಿನ ಡೀಪ್ ಫ್ರೀಜರಲ್ಲಿ ಬೇಕಾದಷ್ಟಿದೆ ಅಮ್ಮ."

"ಎಲ್ಲಾ ಒಂದೇ ಕಡೆ ತಾನೇ? ಹೆಪ್ಪನ್ನ ಯಾರಾದ್ರೂ ಒಂದೇ ಮನೇಲಿ ಇಡ್ತಾರೇನೋ? ನಮ್ಮದು ಕೆಟ್ಟರೆ ಮಾಮಿ ಹತ್ರ ಇರತ್ತೆ, ಅವಳದು ಕೆಟ್ಟರೆ ನಮ್ಮ ಹತ್ರ ಇರತ್ತೆ. ಇದೊಂದು ನನ್ನ ಹತ್ರ ಇರಲಿ."

ಹಾಗೆ ಆ ಕೊಳವೆ ಫ್ರಿಜ್ಜಿನಲ್ಲಿ ಅಜ್ಜಿಯ ಹೆಪ್ಪಿನ ಬಟ್ಟಲಿನ ಪಕ್ಕಕ್ಕೆ ಬಂತು. ಮಾವ ಆಗಾಗ ಹಳೆಯದನ್ನು ತೆಗೆದು ಹೊಸದು ಇಡುತ್ತಿದ್ದ. ತಾಯಿಯ ಮನಸ್ಸು ನೋಯಿಸಬಾರದು ಎಂದು ಇಟ್ಟದ್ದೇ ಹೊರತು ಅದರಿಂದ ಉಪಯೋಗವಿದೆ ಎಂದು ಅವನು ನಂಬಿರಲಿಲ್ಲ. ನಾನೂ ನಂಬಿರಲಿಲ್ಲ ಬಿಡಿ.

ಹೀಗಿರುವಾಗ ಬಂತು ಚಂಡಮಾರುತದ ಸುದ್ದಿ. ಮದರಾಸಿನವರಿಗೆ ಇದು ವರ್ಷಾವಧಿ ಹಬ್ಬ. ಮೋಂಬತ್ತಿ, ಬ್ರೆಡ್ಡು, ಹಾಲಿನ ಪುಡಿ ತಂದಿಟ್ಟುಕೊಂಡು ಕಿಟಕಿ ಮುಚ್ಚಿ ಕೂರುವುದು. ಮಾವ ಮಾತ್ರ ಅಂದು ಮುಸ್ಸಂಜೆಯಲ್ಲಿ ನೆನೆದ ಕಾಗೆಯ ಹಾಗೆ ಓಡಿ ಬಂದ. ಗೇಟಿನ ಹತ್ತಿರ ಕಂಪನಿಯ ಜೀಪು ನಿಂತಿತ್ತು. "ಇಲ್ಲಿ ಕರೆಂಟ್ ಹೋಗತ್ತೆ. ಕಂಪನೀಲಿ ಜನರೇಟರ್ ಇದೆ. ಮೇಲಿನ ಅರೇಲಿರೋವು ಮತ್ತೆ ಸಿಗತ್ತೆ, ಹೆಪ್ಪಿನ ಪಕ್ಕದ ಕೊಳವೇನ ತೊಗೊಂಡು ಹೋಗಿ ಅಲ್ಲೇ ಭದ್ರವಾಗಿ ಇಡ್ತೀನಿ," ಎಂದು ಅಡುಗೆಮನೆಗೆ ನುಗ್ಗಿದ. ಫ್ರಿಜ್ಜಿನ ಮುಂದೆ ಕುರ್ಚಿ ಹಾಕಿಕೊಂಡು ಅಜ್ಜಿ ಬತ್ತಿ ಹೊಸೆಯುತ್ತಿದ್ದಳು.

"ಆಗಲ್ಲ. ದೀಪ ಹಚ್ಚಿಯಾಯ್ತು," ಎಂದಳು.

"ಹಚ್ಚಿದರೇನಮ್ಮ?"

"ದೀಪ ಹಚ್ಚಿದ ಮೇಲೆ ಹೆಪ್ಪನ್ನ ಹೊರಗೆ ಕೊಡೋ ಪದ್ಧತಿ ಇಲ್ಲ ನಮ್ಮಲ್ಲಿ."

"ಇದು ಹೆಪ್ಪಲ್ಲ, ಯೀಸ್ಟು."

"ಹಾಲಿಗೆ ಹಾಕೋದು ತಾನೇ? ಹಾಲಿಗೆ ಹಾಕೋದೆಲ್ಲ ಹೆಪ್ಪೇ. ಬೆಳಿಗ್ಗೆ ಸ್ನಾನ ಮಾಡಿ ಬಂದು ತೊಗೊಂಡು ಹೋಗು."

ಮಾವ ವಾದಿಸಿದ. ಬೇಡಿಕೊಂಡ. ಅಮ್ಮನ ಕಡೆ ನೋಡಿದ, ಅವಳು ನನ್ನ ಕಡೆ ನೋಡಿದಳು, ನಾನು ಹೊರಗೆ ಮಳೆ ನೋಡಿದೆ. ಕೆಳಗೆ ಜೀಪಿನವನು ಹಾರನ್ ಬಾರಿಸಿ ಬಾರಿಸಿ ಹೊರಟೇಹೋದ. ಪೊಲೀಸರೆದುರು ಫ್ಲಾಸ್ಕು ಬಿಡದ ಮನುಷ್ಯ, ಎಂಬತ್ತು ದಾಟಿದ ಹೆಂಗಸೊಬ್ಬಳ ಕುರ್ಚಿ ಸರಿಸಲಾರದೆ ಸೋತು ಕೂತ. ಮೂಢನಂಬಿಕೆಯಿಂದ ದೇಶ ಹಾಳಾಗುತ್ತಿದೆ ಎಂದು ಗೋಡೆಗೆ ಹೇಳಿದ. ಗೋಡೆ ಒಪ್ಪಿಕೊಂಡಿತು, ಅಜ್ಜಿ ಒಪ್ಪಲಿಲ್ಲ.

ಕರೆಂಟು ಹೋಯಿತು. ಗಾಳಿ ಅಂದರೆ ಗಾಳಿ. ಮರುದಿನವಿಡೀ ಬೀದಿಯಲ್ಲಿ ಮೊಣಕಾಲುದ್ದ ನೀರು, ಯಾರೂ ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಅದರಾಚೆಯ ದಿನ ಬೆಳಿಗ್ಗೆ ಮಾವ ಅರ್ಧ ದಾರಿ ನಡೆದು, ಅರ್ಧ ದಾರಿ ಯಾವುದೋ ಲಾರಿ ಹತ್ತಿ ಅಂಬತ್ತೂರಿಗೆ ಹೋದ. ಮಧ್ಯಾಹ್ನ ಬಂದವನು ಬಾಗಿಲಲ್ಲೇ ನಿಂತ. ಫ್ರಿಜ್ಜಿಗೆ ಕಿವಿ ಇಡಲಿಲ್ಲ. ಸೊಂಟದವರೆಗೆ ಕೆಸರು. ಕಂಪನಿಯ ಒಳಗೆ ಕೆರೆಯ ನೀರು ನುಗ್ಗಿತ್ತು. ತಗ್ಗಿನಲ್ಲಿಟ್ಟಿದ್ದ ಜನರೇಟರೇ ಮೊದಲು ಮುಳುಗಿತ್ತು. ಡೀಪ್ ಫ್ರೀಜರು ಮಗುಚಿ ಬಿದ್ದು, ಒಳಗಿದ್ದದ್ದೆಲ್ಲ ಕೊಚ್ಚೆಯಲ್ಲಿ ಸೇರಿಹೋಗಿತ್ತು. "ಎಲ್ಲಾ ಹೋಯ್ತು ಅಕ್ಕಾ," ಎಂದು ಅಮ್ಮನಿಗೆ ಹೇಳಿದ. ಅವನ ಬಾಯಿಂದ ಅಷ್ಟು ಚಿಕ್ಕ ಮಾತು ನಾನು ಕೇಳಿದ್ದೇ ಇಲ್ಲ. ನನಗೆ ಭಯವಾಯಿತು.

"ನನ್ನ ಹತ್ರ ಇದೆಯಲ್ಲೋ," ಎಂದಳು ಅಜ್ಜಿ.

"ಇಲ್ಲೂ ಕರೆಂಟ್ ಇಲ್ಲವಲ್ಲ ಅಮ್ಮ. ಅದೂ ಇಷ್ಟು ಹೊತ್ತಿಗೆ ಬೆಂದುಹೋಗಿರತ್ತೆ."

"ನೀನು ಹೇಳಿದ್ದೆಯಲ್ಲ, ಕರೆಂಟ್ ಹೋದರೆ ಬಾಗಿಲು ತೆಗೀಬಾರದು ಅಂತ. ನಾನು ಯಾರಿಗೂ ತೆಗೆಯೋಕೆ ಬಿಟ್ಟಿಲ್ಲ. ನಿಮ್ಮಕ್ಕ ಸೊಪ್ಪು ತೊಗೋತೀನಿ ಅಂದಳು, ಅದಕ್ಕೂ ಬಿಡಲಿಲ್ಲ."

ಮಾವ ಒದ್ದೆ ಬಟ್ಟೆಯಲ್ಲೇ ಎದ್ದು ಹೋಗಿ ಬಾಗಿಲು ತೆಗೆದ. ಕೈ ಒಳಗಿಟ್ಟ. ಥರ್ಮಾಮೀಟರು ನೋಡಿದ. ಚಳಿ ಸೋರಿಹೋಗುತ್ತಿತ್ತು, ಆದರೆ ಪೂರ್ತಿ ಹೋಗಿರಲಿಲ್ಲ. "ಐಸ್ ಬೇಕು," ಎಂದ. "ಈಗಲೇ ಬೇಕು."

ಊರಿಗೆ ಊರೇ ಕತ್ತಲಲ್ಲಿರುವಾಗ ಐಸು ಎಲ್ಲಿ ಸಿಗುತ್ತದೆ? ಅವನು ಬಕೆಟ್ಟು ಹಿಡಿದು ಹೊರಟ, ನಾನು ಕೊಡೆ ಹಿಡಿದು ಹಿಂದೆ ಹೊರಟೆ. ಕೂಲ್‌ಡ್ರಿಂಕ್ಸ್ ಅಂಗಡಿ, ಐಸ್‌ಕ್ರೀಮ್ ಅಂಗಡಿ, ಔಷಧಿ ಅಂಗಡಿ, ಎಲ್ಲಾ ಕಡೆ ಇಲ್ಲ. ಕೊನೆಗೆ ಸಿಕ್ಕಿದ್ದು ಮೀನು ಮಾರ್ಕೆಟ್ಟಿನಲ್ಲಿ. ಎಣ್ಣೂರಿನಿಂದ ಮೀನು ತರುವ ಒಬ್ಬಾಕೆ ದೊಡ್ಡ ಪೆಟ್ಟಿಗೆಯ ಮೇಲೆ ಗೋಣಿ ಹೊದಿಸಿ ಕಾಯುತ್ತಾ ಕೂತಿದ್ದಳು. ಐಸು ಯಾವುದಕ್ಕೆ, ಔಷಧಿ ಇಡಲಾ ಎಂದು ತಮಿಳಿನಲ್ಲಿ ಕೇಳಿದಳು. ಮಾವ ಸುಳ್ಳು ಹೇಳಲಾರ. "ಎಂಗ ಅಮ್ಮಾವುಕ್ಕು ಕಾಪಿ," ಎಂದ. ನಮ್ಮಮ್ಮನ ಕಾಫಿಗೆ! ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಮೈತುಂಬ ಕೆಸರು, ಕುತ್ತಿಗೆಗೆ ಮಫ್ಲರು. ಏನನ್ನಿಸಿತೋ, ಎದ್ದು, ಗಡ್ಡೆ ಒಡೆದು ಬಕೆಟ್ಟು ತುಂಬಿಸಿ, ಕರಗಬಾರದೆಂದು ತನ್ನ ಗೋಣಿಯ ತುಂಡೊಂದನ್ನೂ ಮೇಲೆ ಹೊದಿಸಿಕೊಟ್ಟಳು.

ಈಗ ಬಂತು ನೋಡಿ ಪೇಚು. ಮನೆ ಬಾಗಿಲಿಗೆ ಬಂದರೆ ಬಕೆಟ್ಟಿನಿಂದ ವಂಜರ ಮೀನಿನ ವಾಸನೆ ಮೂರು ಅಂತಸ್ತಿಗೂ ಬಡಿಯುವಷ್ಟು! ಈರುಳ್ಳಿಯನ್ನೇ ಅನುಮಾನದಿಂದ ನೋಡುವ ಅಡುಗೆಮನೆ ನಮ್ಮದು. ಮಡಿ ಸೀರೆಗೆ ನಮ್ಮ ನೆರಳು ಸೋಕಿದರೂ ಮತ್ತೆ ಒಗೆಯುವ ಅಜ್ಜಿ ನಮ್ಮದು. ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಒಳಗೆ ತರಬೇಡ್ವೋ," ಎಂದು ಅಡ್ಡ ನಿಂತಳು. ಮಾವ ಹೊಸ್ತಿಲಾಚೆಯೇ ಬಕೆಟ್ಟು ಇಟ್ಟುಕೊಂಡು ನಿಂತ. ಬಕೆಟ್ಟಿನ ತಳದಲ್ಲಿ ನೀರು ಸೇರುತ್ತಿತ್ತು. ಇವನು ಅಜ್ಜಿಯನ್ನು ಏನೂ ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ.

ಅಜ್ಜಿ ಗೋಡೆ ಹಿಡಿದುಕೊಂಡು ಬಂದಳು. ಬಕೆಟ್ಟು ನೋಡಿದಳು, ವಾಸನೆ ಅವಳಿಗೂ ಬಡಿದಿರಬೇಕು, ಕಣ್ಣು ಕಿರಿದಾಯಿತು. ಆಮೇಲೆ ಮಗನ ಮುಖ ನೋಡಿದಳು. "ಐಸು ಅಂದ್ರೆ ನೀರು ತಾನೇ. ನೀರಿಗೆ ಎಂಥ ಮೈಲಿಗೆ? ಒಳಗೆ ತಾ," ಎಂದಳು. ಅಷ್ಟೇ ಅಲ್ಲ, ನಮಗೆ ಗಡಿಬಿಡಿಯಲ್ಲಿ ಪಾತ್ರೆ ಸಿಗದಿದ್ದಾಗ ತಾನು ಮಡಿನೀರು ತುಂಬುವ ಹಿತ್ತಾಳೆಯ ಕೊಳಗವನ್ನೇ ಬರಿದು ಮಾಡಿ ಮುಂದೆ ತಳ್ಳಿದಳು. ಅದರಲ್ಲಿ ಐಸು ತುಂಬಿ, ನಡುವೆ ಕೊಳವೆ ನೆಟ್ಟು, ಗೋಣಿ ಸುತ್ತಿ ಫ್ರಿಜ್ಜಿನೊಳಗೆ ಇಟ್ಟೆವು. ಕರೆಂಟು ಬರುವವರೆಗೂ ಮಾವ ದಿನಾ ಮಾರ್ಕೆಟ್ಟಿಗೆ ಹೋಗಿ ಬಂದ. ಆ ಮೀನಿನಾಕೆ ಇವನು ಕಂಡ ಕೂಡಲೇ, ಅಮ್ಮ ಕಾಫಿ ಕುಡಿದರಾ ಎಂದು ಕೇಳುತ್ತಿದ್ದಳು.

ಆ ಕೊಳವೆಯಲ್ಲಿ ಜೀವ ಉಳಿದಿದೆಯೋ ಇಲ್ಲವೋ, ಆಗ ಯಾರಿಗೆ ಗೊತ್ತು? ಕಂಪನಿಯನ್ನು ತೊಳೆದು, ಯಂತ್ರಗಳನ್ನು ಒಣಗಿಸಿ, ಮತ್ತೆ ಶುರುಮಾಡುವ ಹೊತ್ತಿಗೆ ಸಂಕ್ರಾಂತಿ ಹತ್ತಿರ ಬಂದಿತ್ತು. ಮಾವ ಕೊಳವೆಯಿಂದ ಒಂದಿಷ್ಟು ತೆಗೆದು ಹೊಸ ತಟ್ಟೆಗೆ ಗೀರಿ, ಚಳಿಯಲ್ಲಿಟ್ಟು ಕಾದ. ನಾನು ಆಫೀಸಿನಲ್ಲಿ ಅಪಘಾತದ ಫೈಲುಗಳನ್ನು ಬದಿಗಿಟ್ಟು ಅವನ ಫೋನು ಕಾಯುತ್ತಾ ಕೂತಿದ್ದೆ. ಇವನ ಹುಚ್ಚು ನನಗೂ ಯಾವಾಗ ಅಂಟಿತೋ ಕಾಣೆ. ಒಂದು ಮಧ್ಯಾಹ್ನ ಫೋನು ಬಂತು. "ಚುಕ್ಕೆ ಬಂದಿದೆ ಕಣೇ," ಎಂದ. "ಗಂಜಿ ಬಣ್ಣ." ನಾನು ಆಫೀಸೆಂಬುದನ್ನೂ ಮರೆತು ಮೇಜು ಗುದ್ದಿದೆ. ಪಕ್ಕದ ಸೀಟಿನವರು ಯಾರಿಗೋ ಗಂಡು ಮಗು ಆಯಿತೆಂದು ತಿಳಿದು ಅಭಿನಂದನೆ ಹೇಳಿದರು.

ಅಜ್ಜಿ ಆ ದಿನ ಸಂಜೆ ದೀಪ ಹಚ್ಚಿದ ಮೇಲೆ ಹೆಪ್ಪು ಕೊಟ್ಟಿದ್ದರೆ? ಅದೂ ಕೊಚ್ಚೆ ಪಾಲಾಗುತ್ತಿತ್ತು. ಇದನ್ನು ನಾನು ಮಾವನಿಗೆ ಹೇಳಿದರೆ, "ಅದು ಕಾಕತಾಳೀಯ, ವಿಜ್ಞಾನವಲ್ಲ," ಎಂದು ಖಂಡಿತವಾಗಿ ಹೇಳುತ್ತಾನೆ. ಆದರೆ ಈಗ ಅವನ ಕಂಪನಿಯಲ್ಲಿ ಮುಖ್ಯವಾದ ಯಾವ ಯೀಸ್ಟನ್ನೂ ಒಂದೇ ಕಟ್ಟಡದಲ್ಲಿ ಇಡುವುದಿಲ್ಲ.

ಮುಂದೆ ಇನ್ನೂ ಎಷ್ಟೋ ತಿಂಗಳು ಹಿಡಿಯಿತು. ಬೆಳೆಸಿದರು, ಸೋಸಿದರು, ಯೀಸ್ಟನ್ನು ಬಿಟ್ಟು ಕತ್ತರಿಯನ್ನು ಮಾತ್ರ ಬೇರ್ಪಡಿಸಿದರು, ಹೊರಗಿನ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದರು. ಮಾವ ತಾನೇ ಮೊದಲು ಕುಡಿದು, "ನೋಡಿ, ನನಗೇನೂ ಆಗಲಿಲ್ಲ," ಎಂದು ಎದೆಯುಬ್ಬಿಸಿದ. "ನಿನಗೆ ಮಾಮೂಲಿ ಹಾಲು ಕುಡಿದರೂ ಏನೂ ಆಗಲ್ಲವಲ್ಲೋ," ಎಂದಳು ಅಮ್ಮ. ಎದೆ ಇಳಿಯಿತು. ಕೊನೆಗೆ ಅಜ್ಜಿಯ ಡಾಕ್ಟರು ವರದಿಗಳನ್ನೆಲ್ಲ ನೋಡಿ, ಸ್ವಲ್ಪ ಸ್ವಲ್ಪ ಕೊಟ್ಟು ನೋಡಿ ಎಂದರು.

ಹಿಂದಿನ ಸಂಜೆ ಹಾಲಿಗೆ ಹನಿ ಹಾಕಿ ಫ್ರಿಜ್ಜಿನಲ್ಲಿಟ್ಟಿದ್ದಾಯಿತು. ಬೆಳಿಗ್ಗೆ ಅಮ್ಮ ಡಿಕಾಕ್ಷನ್ನು ಇಳಿಸಿ, ಹಾಲು ಉಕ್ಕಿಸಿ, ಎತ್ತರದಿಂದ ಆಡಿಸಿ ನೊರೆ ತಂದಳು. ಸಕ್ಕರೆ ಹಾಕಕೂಡದು ಎಂದು ಮಾವನ ಕಟ್ಟಪ್ಪಣೆ. ಅಜ್ಜಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮೊದಲು ಮೂಸಿದಳು. ಆಮೇಲೆ ಒಂದು ಗುಟುಕು. ಹುಬ್ಬು ಗಂಟಿಕ್ಕಿತು.

"ಯಾರೇ ಇದಕ್ಕೆ ಸಕ್ಕರೆ ಸುರಿದಿದ್ದು?" ಎಂದಳು.

"ಯಾರೂ ಹಾಕಿಲ್ಲಮ್ಮ," ಎಂದಳು ಅಮ್ಮ.

ಮಾವ ಕುಣಿದೇಬಿಟ್ಟ! ಹಾಲಿನ ಸಕ್ಕರೆ ಸಪ್ಪೆಯಂತೆ. ಕತ್ತರಿಸಿದರೆ ಅದು ಎರಡು ಸಕ್ಕರೆಯಾಗಿ, ಎರಡೂ ಮೊದಲಿಗಿಂತ ಸಿಹಿಯಂತೆ. ಕತ್ತರಿ ಕೆಲಸ ಮಾಡಿದೆ ಎನ್ನುವುದಕ್ಕೆ ಅಜ್ಜಿಯ ನಾಲಿಗೆಯೇ ಸಾಕ್ಷಿ. "ಸಿಹಿ ಆಯ್ತಾ ಅಮ್ಮ? ನಿಜವಾಗಲೂ ಸಿಹಿ ಆಯ್ತಾ?" ಎಂದು ಕೇಳಿದ್ದನ್ನೇ ಕೇಳಿದ. ಅಜ್ಜಿಯ ಬಾಯಿ ಲೋಟದೊಳಗಿತ್ತು. ಡಾಕ್ಟರು ಸ್ವಲ್ಪ ಅಂದದ್ದು ಅವಳ ಕಿವಿಗೆ ಬಿದ್ದಿರಲೇ ಇಲ್ಲವೆಂದು ಕಾಣುತ್ತದೆ, ಕೊನೆಯ ತೊಟ್ಟಿನವರೆಗೂ ಬಿಡಲಿಲ್ಲ.

ಸಿಹಿಯೇನೋ ಆಯಿತು. ಹೊಟ್ಟೆ? ಮಾವ ಆಫೀಸಿಗೆ ಹೋಗಲಿಲ್ಲ, ನಾನೂ ಹೋಗಲಿಲ್ಲ. ಅಜ್ಜಿಯ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪೇಪರು ಬಿಡಿಸಿ ಕೂತ. ಅಜ್ಜಿ ಮಗ್ಗುಲು ಬದಲಿಸಿದರೆ ಇವನು ಎದ್ದು ನಿಲ್ಲುತ್ತಿದ್ದ. ಕೆಮ್ಮಿದರೆ ಒಳಗೆ ಹೋಗುತ್ತಿದ್ದ. ಅವಳು ಕಾಲು ತೊಳೆಯಲು ಬಚ್ಚಲಿಗೆ ಹೋದಾಗಂತೂ ಅವನ ಮುಖದಲ್ಲಿ ರಕ್ತವಿರಲಿಲ್ಲ. ಮಧ್ಯಾಹ್ನದ ಊಟ ತಟ್ಟೆಯಲ್ಲೇ ಒಣಗಿತು. ಸಂಜೆ ಬಿಸಿಲು ಬಾಲ್ಕನಿಗೆ ಬಂದರೂ ಪೇಪರಿನ ಅದೇ ಪುಟ ತೆರೆದಿತ್ತು. ಏನೂ ಆಗಲಿಲ್ಲ. ಅಜ್ಜಿ ಮಲಗಿ ಎದ್ದು, ತಲೆ ಬಾಚಿಕೊಂಡು, ಅವನ ಕುರ್ಚಿಗೆ ತಾಗಿದ್ದ ಮಂಚದ ತುದಿಗೆ ಬಂದು ಕೂತಳು.

"ಬೆಳಿಗ್ಗೆಯಿಂದ ಇಲ್ಲೇ ಕೂತಿದೀಯ. ಯಾಕೋ?"

"ಸುಮ್ನೆ ಅಮ್ಮ."

"ನನಗೇನೂ ಆಗಿಲ್ಲ ಕಣೋ. ಹೊಟ್ಟೆ ತಣ್ಣಗಿದೆ."

ಮಾವ ಏನೋ ಹೇಳಲು ಹೊರಟ. ಅವನ ಬಾಯಿಂದ ಎನ್‌ಜೈಮು, ಉಷ್ಣಾಂಶ ಏನಾದರೂ ಬರುತ್ತದೆಂದು ನಾನು ಕಾದೆ. ಬರಲಿಲ್ಲ. ಅರವತ್ತು ಸಮೀಪಿಸಿದ ಆ ಮನುಷ್ಯ ಪೇಪರನ್ನು ಮುಖಕ್ಕೆ ಒತ್ತಿಕೊಂಡು ಅಳುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ಅಮ್ಮನೂ ನಾನೂ ನಿಂತಲ್ಲೇ ನಿಂತೆವು.

ಅಜ್ಜಿ ಪೇಪರು ಕಿತ್ತು ಪಕ್ಕಕ್ಕಿಟ್ಟು, ಸೆರಗಿನಿಂದ ಅವನ ಮುಖ ಒರೆಸಿದಳು. "ನಾಲ್ಕನೇ ಕ್ಲಾಸಲ್ಲಿ ನಿನಗೆ ಟೈಫಾಯಿಡ್ ಆಗಿತ್ತು, ನಿನಗೆ ನೆನಪಿದೆಯೋ ಇಲ್ಲವೋ. ಏನು ಕೊಟ್ಟರೂ ವಾಂತಿ ಮಾಡ್ತಿದ್ದೆ. ಒಂದು ದಿನ ಅರ್ಧ ಲೋಟ ಗಂಜಿ ಕುಡಿದು ಹಾಗೇ ನಿದ್ದೆ ಹೋದೆ. ಸಂಜೆವರೆಗೂ ನಾನು ಬಾಗಿಲಲ್ಲಿ ಕೂತಿದ್ದೆ, ಅದು ಹೊಟ್ಟೇಲಿ ನಿಲ್ಲತ್ತೋ ಇಲ್ಲವೋ ಅಂತ. ನಿಂತಿತು. ನಾನೂ ಹೀಗೇ ಅತ್ತಿದ್ದೆ ಕಣೋ." ಅವನ ತಲೆಯನ್ನು ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು. "ಸುಮ್ನಿರು. ಸ್ವಲ್ಪ ಹೊತ್ತು ಹೀಗೇ ಇದ್ದು, ಆಮೇಲೆ ಎದ್ದು ನಾಳಿನ ಹಾಲಿಗೆ ಹನಿ ಹಾಕಿಡು. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಕುಡಿಯೋಣ."